ಸಂಗಾತಿ ವೀಸಾ (ಯುನೈಟೆಡ್ ಕಿಂಗ್‌ಡಮ್)

ಸಂಗಾತಿ ವೀಸಾ ಎಂಬುದು ಬ್ರಿಟಿಷ್ ನಾಗರಿಕರ ಅಥವಾ ಯುನೈಟೆಡ್ ಕಿಂಗ್‌ಡಮ್‌ನಲ್ಲಿ ಕಾಯಂ ಆಗಿ ನೆಲೆಸಿರುವವರ ವಿದೇಶೀ ಪತಿ ಅಥವಾ ಪತ್ನಿಯು ಆ ದೇಶಕ್ಕೆ ಬಂದು ಅವರೊಡನೆ ಬಾಳಲು ಪಡೆಯಬೇಕಾದ ಪ್ರವೇಶಾನುಮತಿ. ನೋಂದಾಯಿತ ನಾಗರಿಕ ಸಂಗಾತಿಗಳಿಗೂ, ಮದುವೆಯಾಗದೆ ಎರಡು ವರ್ಷಗಳಿಂದ ವಿವಾಹಸದೃಶ ಸಂಬಂಧದಲ್ಲಿರುವವರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. 9 ಜುಲೈ 2012ರಿಂದ ಈ ವೀಸಾವನ್ನು ಬ್ರಿಟನ್ನಿನ ವಲಸೆ ನಿಯಮಗಳ 'ಅಪೆಂಡಿಕ್ಸ್ ಎಫ್ಎಮ್' ಎಂಬ ಅನುಬಂಧವು ನಿಯಂತ್ರಿಸುತ್ತದೆ. ಅರ್ಜಿಗಳನ್ನು ಹೋಮ್ ಆಫೀಸ್ ಎಂದು ಕರೆಯಲಾಗುವ ಗೃಹ ಇಲಾಖೆ ತೀರ್ಮಾನಿಸುತ್ತದೆ.

ಬ್ರಿಟಿಷ್ ನಾಗರಿಕರನ್ನು ಮದುವೆಯಾದ ಮಾತ್ರಕ್ಕೆ ಆ ದೇಶದಲ್ಲಿ ವಾಸಿಸುವ ಹಕ್ಕು ತಾನಾಗಿಯೇ ದೊರೆಯುವುದಿಲ್ಲ. ನಾಗರಿಕನಾದವನು ಯಾವಾಗ ಬೇಕಾದರೂ ತನ್ನ ದೇಶಕ್ಕೆ ಮರಳಬಹುದು, ಆದರೆ ಸಂಗಾತಿಯೊಡನೆ ಮರಳಬೇಕಾದರೆ ಸರ್ಕಾರದ ಅನುಮತಿ ಬೇಕು. ಈ ಅನುಮತಿಯನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಬ್ರಿಟನ್ ಕಳೆದ ಅರ್ಧ ಶತಮಾನದಲ್ಲಿ ಬೇರೆ ಬೇರೆ ಉತ್ತರಗಳನ್ನು ನೀಡಿದೆ. ಮೊದಲು ಅರ್ಜಿದಾರರು ಗಂಡೋ ಹೆಣ್ಣೋ ಎಂಬುದು ಮುಖ್ಯವಾಗಿತ್ತು. ಬಳಿಕ ಮದುವೆಯ 'ಉದ್ದೇಶ' ಮುಖ್ಯವಾಯಿತು. 2012ರ ನಂತರ ಬ್ರಿಟನ್ನಿನಲ್ಲಿರುವ ಸಂಗಾತಿಯ ಸಂಬಳ ಮುಖ್ಯವಾಗಿದೆ.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ಭಾರತ, ಪಾಕಿಸ್ತಾನ ಮತ್ತು ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ದುಡಿಯಲು ಹೋದವರಲ್ಲಿ ಹೆಚ್ಚಿನವರು ಪುರುಷರು. ಕಾಮನ್‌ವೆಲ್ತ್ ಪ್ರಜೆಗಳ ಮುಕ್ತ ಪ್ರವೇಶಕ್ಕೆ 1962ರ ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ತಡೆಯೊಡ್ಡಿತಾದರೂ, ಅಲ್ಲಿ ನೆಲೆಸಿದ್ದ ಪುರುಷರ ಹೆಂಡತಿ ಮತ್ತು ಚಿಕ್ಕ ಮಕ್ಕಳು ಬಂದು ಸೇರುವ ಅವಕಾಶವನ್ನು ಉಳಿಸಿತು. ಮನೆಯ ಯಜಮಾನ ಗಂಡಸು, ಅವನಿದ್ದಲ್ಲಿಗೆ ಹೆಂಡತಿ ಹೋಗುವುದು ಸಹಜ ಎಂಬ ಗ್ರಹಿಕೆ ಇದರ ಹಿಂದಿತ್ತು.

ಇದರ ಮತ್ತೊಂದು ಮುಖ 1969ರಲ್ಲಿ ಕಾಣಿಸಿಕೊಂಡಿತು. ಗೃಹ ಸಚಿವ ಜೇಮ್ಸ್ ಕ್ಯಾಲಹನ್ ಅವರು ಬ್ರಿಟನ್ನಿನಲ್ಲಿರುವ ಮಹಿಳೆಯರನ್ನು ಸೇರಲು ಬರುವ ಕಾಮನ್‌ವೆಲ್ತ್ ಗಂಡಂದಿರ ಪ್ರವೇಶವನ್ನು ಬಹುಮಟ್ಟಿಗೆ ನಿಲ್ಲಿಸಿದರು. ಹೆಂಡತಿ ಬಂದರೆ ಆಕೆ ಅವಲಂಬಿತೆ, ಗಂಡ ಬಂದರೆ ಅವನು ಕೆಲಸಕ್ಕೆ ಪೈಪೋಟಿ ನೀಡುವ ಕಾರ್ಮಿಕ ಎಂಬ ತರ್ಕ ಇಲ್ಲಿ ಕೆಲಸ ಮಾಡಿತು. 1974ರಲ್ಲಿ ರಾಯ್ ಜೆಂಕಿನ್ಸ್ ಅವರು ಈ ನಿರ್ಬಂಧವನ್ನು ತೆಗೆದುಹಾಕಿದರು. ಆದರೆ 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರದ ಅವಧಿಯಲ್ಲಿ ಗಂಡಂದಿರ ಮೇಲಿನ ನಿರ್ಬಂಧ ಬೇರೆ ರೂಪದಲ್ಲಿ ಮರಳಿತು.

ಹೀಥ್ರೂ ಘಟನೆ

ಹೆಂಡತಿಯರಿಗೆ ಬಾಗಿಲು ತೆರೆದಿತ್ತು ಎಂದ ಮಾತ್ರಕ್ಕೆ ಅವರ ಹಾದಿ ಸುಗಮವಾಗಿತ್ತೆಂದಲ್ಲ. ಆಗಿನ ನಿಯಮದಂತೆ ಹೆಂಡತಿಯಾಗಿ ಬರುವವರಿಗೆ ಮುಂಚಿತವಾಗಿ ಪ್ರವೇಶಾನುಮತಿ ಬೇಕಿತ್ತು. ಮದುವೆ ನಿಶ್ಚಯವಾಗಿ, ಮೂರು ತಿಂಗಳೊಳಗೆ ಬ್ರಿಟನ್ನಿನಲ್ಲೇ ಮದುವೆಯಾಗಲು ಬರುವ ಹೆಣ್ಣಿಗೆ ಅದು ಬೇಕಿರಲಿಲ್ಲ. ಜನವರಿ 1979ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೀಗೆ ಮದುವೆಯಾಗಲೆಂದು ಬಂದಿಳಿದ ಭಾರತೀಯ ಮಹಿಳೆಯೊಬ್ಬರನ್ನು, ಆಕೆಗೆ ಈಗಾಗಲೇ ಮದುವೆಯಾಗಿರಬಹುದೆಂಬ ಶಂಕೆಯಿಂದ, ಅಧಿಕಾರಿಗಳು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಫೆಬ್ರವರಿಯಲ್ಲಿ 'ದಿ ಗಾರ್ಡಿಯನ್' ಪತ್ರಿಕೆ ಈ ಸುದ್ದಿಯನ್ನು ಪ್ರಕಟಿಸಿತು. ಭಾರತ ಸರ್ಕಾರ ಪ್ರತಿಭಟನೆ ಸಲ್ಲಿಸಿತು. ಇಂತಹ ಪರೀಕ್ಷೆಗಳನ್ನು ಬ್ರಿಟಿಷ್ ಸರ್ಕಾರ ಕೂಡಲೇ ನಿಷೇಧಿಸಿತು. ಇದು ಒಂದೇ ಒಂದು ಪ್ರಕರಣವಾಗಿರಲಿಲ್ಲ ಎಂಬುದು ಮುಂದೆ ಪತ್ರಾಗಾರದ ಕಡತಗಳಿಂದ ತಿಳಿದುಬಂತು: ಭಾರತ ಮತ್ತು ಪಾಕಿಸ್ತಾನದಲ್ಲಿದ್ದ ಬ್ರಿಟಿಷ್ ಕಚೇರಿಗಳಲ್ಲಿಯೂ ಅರ್ಜಿದಾರ ಮಹಿಳೆಯರ ಮೇಲೆ ಈ ಪರೀಕ್ಷೆಗಳು ನಡೆದಿದ್ದವು.

ಮುಖ್ಯ ಉದ್ದೇಶದ ನಿಯಮ

1980ರಿಂದ ಜಾರಿಗೆ ಬಂದು 1983ರಲ್ಲಿ ಬಿಗಿಗೊಂಡ 'ಮುಖ್ಯ ಉದ್ದೇಶದ ನಿಯಮ'ದಂತೆ, ಬ್ರಿಟನ್ನಿನಲ್ಲಿ ನೆಲೆಸುವುದೇ ಮದುವೆಯ ಮುಖ್ಯ ಉದ್ದೇಶವಲ್ಲ ಎಂದು ಸಾಬೀತುಪಡಿಸುವ ಹೊಣೆ ಅರ್ಜಿದಾರನ ಮೇಲಿತ್ತು. ಮದುವೆ ಸಾಚಾ ಆಗಿದ್ದರೂ, ದಂಪತಿ ನಿಜವಾಗಿಯೂ ಒಟ್ಟಿಗೆ ಬಾಳುವ ಮನಸ್ಸುಳ್ಳವರಾಗಿದ್ದರೂ ಈ ಒಂದು ಅಂಶದ ಮೇಲೆ ಅರ್ಜಿಯನ್ನು ತಳ್ಳಿಹಾಕಬಹುದಾಗಿತ್ತು.

ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಭಾರತ ಉಪಖಂಡದ, ಹಿರಿಯರು ನಿಶ್ಚಯಿಸಿದ ಮದುವೆಗಳ ಮೇಲೆ. ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುವುದು ಈ ಸಮಾಜಗಳ ರೂಢಿ. ಹಾಗಿರುವಾಗ ಗಂಡೇ ಹೆಣ್ಣಿನ ದೇಶಕ್ಕೆ ಹೊರಟಿರುವುದೇಕೆ ಎಂಬುದು ಅಧಿಕಾರಿಗಳ ಪ್ರಶ್ನೆ. ಕನ್ನಡದಲ್ಲಿ 'ಮನೆಅಳಿಯ' ಎಂಬ ಪದಕ್ಕಿರುವ ಅರೆ ಹಾಸ್ಯ, ಅರೆ ಅನುಮಾನದ ಛಾಯೆ ಬ್ರಿಟಿಷ್ ವಲಸೆ ಕಡತಗಳಲ್ಲಿ ಅಧಿಕೃತ ಕಾರಣವಾಗಿ ಸೇರಿತೆನ್ನಬಹುದು. ಸಂದರ್ಶನದಲ್ಲಿ ಕೇಳಲಾಗುತ್ತಿದ್ದ ಒಂದು ಪ್ರಶ್ನೆಯನ್ನು ವಿಮರ್ಶಕರು ಇಕ್ಕುಳಕ್ಕೆ ಹೋಲಿಸಿದ್ದರು. ವೀಸಾ ದೊರೆಯದಿದ್ದರೆ ಹೆಂಡತಿ ಭಾರತಕ್ಕೆ ಬಂದಿರುವಳೇ? ಬರುವಳು ಎಂದರೆ ವೀಸಾದ ಅಗತ್ಯವಿಲ್ಲ; ಬರಲಾರಳು ಎಂದರೆ ಮದುವೆಯ ಉದ್ದೇಶವೇ ಬ್ರಿಟನ್ನಿಗೆ ಹೋಗುವುದು ಎಂದಾಯಿತು.

ಬ್ರಿಟನ್ನಿನಲ್ಲಿ ಕಾಯಂ ಆಗಿ ನೆಲೆಸಿದ್ದ ಅಬ್ದುಲ್ ಅಜೀಜ್, ಕಬಾಲೆಸ್ ಮತ್ತು ಬಾಲ್ಕಂದಾಲಿ ಎಂಬ ಮೂವರು ಮಹಿಳೆಯರು, ತಮ್ಮ ಗಂಡಂದಿರಿಗೆ ಅನುಮತಿ ನಿರಾಕರಿಸಿದ್ದನ್ನು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 28 ಮೇ 1985ರಂದು ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು, ದಂಪತಿ ಯಾವ ದೇಶದಲ್ಲಿ ನೆಲೆಸಲು ಬಯಸಿದರೂ ಆ ದೇಶ ಒಪ್ಪಲೇಬೇಕೆಂದಿಲ್ಲ ಎಂದಿತು. ಆದರೆ ಗಂಡಸಿಗೆ ಹೆಂಡತಿಯನ್ನು ಕರೆತರಲು ಬಿಟ್ಟು ಹೆಂಗಸಿಗೆ ಗಂಡನನ್ನು ಕರೆತರಲು ಬಿಡದಿರುವುದು ಲಿಂಗ ತಾರತಮ್ಯ ಎಂದೂ ಹೇಳಿತು. ಬ್ರಿಟಿಷ್ ಸರ್ಕಾರ ತೀರ್ಪನ್ನು ಪಾಲಿಸಿದ ರೀತಿ ವಲಸೆ ಕಾನೂನಿನ ಪಠ್ಯಗಳಲ್ಲಿ ಇಂದಿಗೂ ಉದಾಹರಣೆಯಾಗಿದೆ. ಅದು ಗಂಡಂದಿರಿಗಿದ್ದ ನಿರ್ಬಂಧವನ್ನು ಸಡಿಲಿಸಲಿಲ್ಲ, ಅದೇ ವರ್ಷ ಹೆಂಡತಿಯರಿಗೂ ವಿಸ್ತರಿಸಿತು. ಸಮಾನತೆ ಬಂದಿತು, ಆದರೆ ಇಬ್ಬರಿಗೂ ಬಾಗಿಲು ಸಮನಾಗಿ ಕಿರಿದಾಯಿತು.

ಮುಖ್ಯ ಉದ್ದೇಶದ ನಿಯಮವನ್ನು ಜೂನ್ 1997ರಲ್ಲಿ, ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಮರುತಿಂಗಳೇ, ಗೃಹ ಸಚಿವ ಜ್ಯಾಕ್ ಸ್ಟ್ರಾ ರದ್ದುಪಡಿಸಿದರು.

ವಯಸ್ಸು ಮತ್ತು ಭಾಷೆ

ಬಲವಂತದ ಮದುವೆಗಳನ್ನು ತಡೆಯುವ ಕಾರಣ ನೀಡಿ 2008ರಲ್ಲಿ ಸಂಗಾತಿಗಳಿಬ್ಬರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಲಾಯಿತು. ಬಲವಂತವಿಲ್ಲದೆ ಮದುವೆಯಾದ ಯುವ ದಂಪತಿಗಳನ್ನೂ ಇದು ದೂರ ಮಾಡುತ್ತದೆಂದು ಕ್ವಿಲಾ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತ ನಂತರ ಮತ್ತೆ 18ಕ್ಕೆ ಇಳಿಸಲಾಯಿತು. ಹೊರಡುವ ಮುನ್ನವೇ ಇಂಗ್ಲಿಷ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ ನವೆಂಬರ್ 2010ರಿಂದ ಜಾರಿಯಲ್ಲಿದೆ.

ಆದಾಯದ ಮಿತಿ

2012ಕ್ಕೆ ಮುನ್ನ, ಸರ್ಕಾರಿ ನೆರವನ್ನು ಅವಲಂಬಿಸದೆ ಬದುಕಲು ಸಾಕಾಗುವಷ್ಟು ಆದಾಯವಿದೆಯೆಂದು ತೋರಿಸಿದರೆ ಸಾಕಿತ್ತು. ಗೃಹ ಸಚಿವೆ ತೆರೇಸಾ ಮೇ ಅವರ ಅವಧಿಯಲ್ಲಿ ಇದಕ್ಕೆ ಬದಲಾಗಿ ನಿರ್ದಿಷ್ಟ ಮೊತ್ತವೊಂದನ್ನು ನಿಗದಿಪಡಿಸಲಾಯಿತು. ಪ್ರಾಯೋಜಕರ, ಅಂದರೆ ಬ್ರಿಟನ್ನಿಗೆ ಕರೆಸಿಕೊಳ್ಳುವ ಸಂಗಾತಿಯ, ವಾರ್ಷಿಕ ಆದಾಯ ತೆರಿಗೆಗೆ ಮುನ್ನ ಕನಿಷ್ಠ 18,600 ಪೌಂಡ್ ಇರಬೇಕಿತ್ತು. ಬ್ರಿಟಿಷ್ ಪೌರತ್ವವಿಲ್ಲದ ಮೊದಲ ಮಗು ಜೊತೆಗಿದ್ದರೆ 22,400, ಅನಂತರದ ಪ್ರತಿ ಮಗುವಿಗೆ ಮತ್ತೆ 2,400 ಪೌಂಡ್ ಸೇರುತ್ತಿತ್ತು. ದಂಪತಿಯೊಂದು ಸಾಮಾನ್ಯವಾಗಿ ಆದಾಯಾಧಾರಿತ ಸರ್ಕಾರಿ ನೆರವಿಗೆ ಅರ್ಹವಾಗದ ಹಂತ ಯಾವುದೆಂದು ನೋಡಿ 18,600ರ ಅಂಕಿಯನ್ನು ಆರಿಸಲಾಗಿತ್ತು.

ಈ ನಿಯಮದ ಕೆಲವು ವಿವರಗಳು ಮೊತ್ತಕ್ಕಿಂತಲೂ ಕಠಿಣವಾಗಿದ್ದವು. ವಿದೇಶದಲ್ಲಿರುವ ಸಂಗಾತಿಯ ಸಂಬಳವನ್ನು ಮೊದಲ ಅರ್ಜಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಬ್ರಿಟಿಷ್ ಶಾಲಾ ಸಹಾಯಕಿಯನ್ನು ಮದುವೆಯಾದರೆ, ಅವರ ಸಂಪಾದನೆ ಎಷ್ಟೇ ಇರಲಿ, ತೂಗಲ್ಪಡುವುದು ಪತ್ನಿಯ ಸಂಬಳ ಮಾತ್ರ. ಅವರು ಬ್ರಿಟನ್ನಿಗೆ ಬಂದು ಕಾನೂನುಬದ್ಧವಾಗಿ ದುಡಿಯತೊಡಗಿದ ಮೇಲೆ, ವೀಸಾ ವಿಸ್ತರಣೆಯ ಅರ್ಜಿಯಲ್ಲಿ ಇಬ್ಬರ ಆದಾಯವನ್ನೂ ಕೂಡಿಸಬಹುದು. ಮಿತಿ ದೇಶಕ್ಕೆಲ್ಲ ಒಂದೇ ಆಗಿರುವುದರಿಂದ ಲಂಡನ್ನಿನವರಿಗಿಂತ ಸಂಬಳ ಕಡಿಮೆಯಿರುವ ಪ್ರದೇಶಗಳವರಿಗೂ, ಅರೆಕಾಲಿಕ ಕೆಲಸದಲ್ಲಿರುವ ಮಹಿಳೆಯರಿಗೂ, ಆಗತಾನೇ ದುಡಿಯತೊಡಗಿದ ಯುವಜನರಿಗೂ ಇದನ್ನು ದಾಟುವುದು ಕಷ್ಟವಾಯಿತು. ತಂದೆಯೋ ತಾಯಿಯೋ ದೂರದ ದೇಶದಲ್ಲಿದ್ದು, ಮಕ್ಕಳು ಅವರನ್ನು ಕಂಪ್ಯೂಟರ್ ಪರದೆಯ ಮೇಲಷ್ಟೇ ಕಾಣುವ ಮನೆಗಳಿಗೆ 'ಸ್ಕೈಪ್ ಕುಟುಂಬಗಳು' ಎಂಬ ಹೆಸರೇ ಬಿದ್ದಿತು. ಇಂಗ್ಲೆಂಡಿನ ಮಕ್ಕಳ ಆಯುಕ್ತರು ಈ ಮಕ್ಕಳ ಸ್ಥಿತಿಯ ಕುರಿತು 2015ರಲ್ಲಿ ವರದಿಯೊಂದನ್ನು ಪ್ರಕಟಿಸಿದರು.

ಮಿತಿಯನ್ನು ಪ್ರಶ್ನಿಸಿದ 'ಎಂಎಂ (ಲೆಬನಾನ್)' ಪ್ರಕರಣದಲ್ಲಿ 22 ಫೆಬ್ರವರಿ 2017ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಮಿತಿಯಿಂದ ಸಾವಿರಾರು ಜನರಿಗೆ ಸಂಕಷ್ಟವಾಗಿದೆಯೆಂಬುದನ್ನು ಒಪ್ಪಿದರೂ ತತ್ವಶಃ ಅದು ಕಾನೂನುಬಾಹಿರವಲ್ಲ ಎಂದಿತು. ಆದರೆ ಮಕ್ಕಳ ಹಿತವನ್ನು ನಿಯಮಗಳು ತಕ್ಕಷ್ಟು ಪರಿಗಣಿಸಿಲ್ಲ, ಕುಟುಂಬದ ಇತರರ ನೆರವಿನಂತಹ ಬೇರೆ ಆದಾಯಮೂಲಗಳನ್ನು ನೋಡಲು ಅವಕಾಶವಿರಬೇಕು ಎಂದು ಸೂಚಿಸಿತು. ಅದರಂತೆ ಆಗಸ್ಟ್ 2017ರಲ್ಲಿ ನಿಯಮಗಳು ತಿದ್ದುಪಡಿಯಾದವು.

ಡಿಸೆಂಬರ್ 2023ರಲ್ಲಿ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಮಿತಿಯನ್ನು 38,700 ಪೌಂಡ್‌ಗಳಿಗೆ ಏರಿಸುವುದಾಗಿ ಪ್ರಕಟಿಸಿದರು. ಮದುವೆ ನಿಶ್ಚಯವಾಗಿದ್ದವರು, ಮರಳಲು ಸಿದ್ಧರಾಗಿದ್ದ ದಂಪತಿಗಳು ಕೆಲವೇ ವಾರಗಳಲ್ಲಿ ತಮ್ಮ ಯೋಜನೆಗಳನ್ನು ಬದಲಿಸಬೇಕಾದ ಸ್ಥಿತಿ ಬಂದಿತು. ವ್ಯಾಪಕ ಟೀಕೆಯ ಬಳಿಕ ಹಂತಹಂತವಾಗಿ ಏರಿಸುವ ತೀರ್ಮಾನವಾಗಿ, ಮೊದಲ ಹಂತವಾಗಿ 11 ಏಪ್ರಿಲ್ 2024ರಿಂದ 29,000 ಪೌಂಡ್ ಜಾರಿಗೆ ಬಂದಿತು. ಮಕ್ಕಳಿಗಾಗಿ ಕೂಡಿಸುತ್ತಿದ್ದ ಹೆಚ್ಚುವರಿ ಮೊತ್ತವನ್ನು ಕೈಬಿಡಲಾಯಿತು. ಆ ದಿನಾಂಕಕ್ಕೆ ಮುನ್ನ ಅರ್ಜಿ ಹಾಕಿ, ಅದೇ ಸಂಗಾತಿಯೊಡನೆ ಮುಂದುವರಿಯುತ್ತಿರುವವರಿಗೆ ಹಳೆಯ ಮಿತಿಯೇ ಅನ್ವಯಿಸುತ್ತದೆ. ಜುಲೈ 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಮುಂದಿನ ಏರಿಕೆಗಳನ್ನು ತಡೆಹಿಡಿದು ವಲಸೆ ಸಲಹಾ ಸಮಿತಿಯ ಅಭಿಪ್ರಾಯ ಕೇಳಿತು. ಜೂನ್ 2025ರ ವರದಿಯಲ್ಲಿ ಸಮಿತಿಯು, ನುರಿತ ಕೆಲಸಗಾರರ ವೀಸಾಕ್ಕೆ ನಿಗದಿಯಾದ ಸಂಬಳದ ಮಟ್ಟವನ್ನು ಕುಟುಂಬಗಳಿಗೂ ಅನ್ವಯಿಸುವುದು ಸೂಕ್ತವಲ್ಲವೆಂದು ತಿಳಿಸಿತು.

29,000ದ ಅಂಕಿಯನ್ನು ಅಳೆಯಲು ಒಂದು ಹೋಲಿಕೆ ಸಾಕು. ಏಪ್ರಿಲ್ 2025ರಲ್ಲಿ ವಯಸ್ಕರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಗಿತ್ತು. ವಾರಕ್ಕೆ 37.5 ಗಂಟೆಯಂತೆ ವರ್ಷದ 52 ವಾರವೂ ದುಡಿದರೆ ಆಗ ದೊರೆಯುತ್ತಿದ್ದುದು ಸುಮಾರು 23,800 ಪೌಂಡ್. ಪೂರ್ಣಾವಧಿ ದುಡಿಯುವ, ಯಾರ ನೆರವನ್ನೂ ಕೇಳದ ಬ್ರಿಟಿಷ್ ನಾಗರಿಕರೂ ಮಿತಿಯ ಕೆಳಗೆ ಉಳಿಯಬಹುದು.

ಉಳಿತಾಯ ಮತ್ತು ವಿನಾಯಿತಿ

ಆದಾಯ ಸಾಲದಿದ್ದಲ್ಲಿ ಉಳಿತಾಯವನ್ನು ತೋರಿಸಬಹುದು. ಮೊದಲ 16,000 ಪೌಂಡ್ ಲೆಕ್ಕಕ್ಕೆ ಬರುವುದಿಲ್ಲ. ಅದರ ಮೇಲೆ ಕೊರತೆಯ ಎರಡೂವರೆ ಪಟ್ಟು ಹಣವಿರಬೇಕು. ಆದಾಯವೇ ಇಲ್ಲದವರಿಗೆ ಇದು 88,500 ಪೌಂಡ್ ಆಗುತ್ತದೆ. ಹಣ ಆರು ತಿಂಗಳ ಕಾಲ ದಂಪತಿಯ ಹಿಡಿತದಲ್ಲಿರಬೇಕು. ಸಂಬಳಕ್ಕೆ ವ್ಯತಿರಿಕ್ತವಾಗಿ ಉಳಿತಾಯವು ಇಬ್ಬರಲ್ಲಿ ಯಾರದಾದರೂ ಆಗಬಹುದು. ಪ್ರಾಯೋಜಕರು ಅಂಗವೈಕಲ್ಯಕ್ಕೆ ಸಂಬಂಧಿಸಿದ ಕೆಲವು ಭತ್ಯೆಗಳನ್ನು ಅಥವಾ ಆರೈಕೆದಾರರ ಭತ್ಯೆಯನ್ನು ಪಡೆಯುತ್ತಿದ್ದರೆ ನಿಗದಿತ ಮಿತಿ ಅನ್ವಯಿಸದು. ಜೀವನ ನಿರ್ವಹಣೆಗೆ ಸಾಕಷ್ಟು ಹಣವಿದೆಯೆಂದು ತೋರಿಸಬೇಕು.

ವಿದೇಶದಲ್ಲಿ ನೆಲೆಸಿದ್ದು ಸಂಗಾತಿಯೊಡನೆ ಸ್ವದೇಶಕ್ಕೆ ಮರಳಬಯಸುವ ಬ್ರಿಟಿಷರ ಸ್ಥಿತಿ ವಿಶೇಷವಾದುದು. ಅವರು ಹೊರದೇಶದಲ್ಲಿ ಮಿತಿಯಷ್ಟು ಸಂಪಾದಿಸುತ್ತಿರುವುದನ್ನು ತೋರಿಸುವುದರ ಜೊತೆಗೆ, ಮರಳಿದ ಮೂರು ತಿಂಗಳೊಳಗೆ ಬ್ರಿಟನ್ನಿನಲ್ಲಿ ಅಷ್ಟೇ ಸಂಬಳದ ಕೆಲಸ ಆರಂಭವಾಗುವುದೆಂಬ ಪತ್ರವನ್ನೂ ಒದಗಿಸಬೇಕು. ಆದ್ದರಿಂದ ಅನೇಕ ಕುಟುಂಬಗಳಲ್ಲಿ ಬ್ರಿಟಿಷ್ ಸಂಗಾತಿ ಮೊದಲು ಒಂಟಿಯಾಗಿ ಹೋಗಿ, ಆರು ತಿಂಗಳು ದುಡಿದು, ಸಂಬಳದ ಚೀಟಿಗಳನ್ನು ಕೂಡಿಹಾಕಿದ ನಂತರವೇ ಅರ್ಜಿ ಸಲ್ಲಿಸಲಾಗುತ್ತದೆ.

ಇತರ ಅರ್ಹತೆಗಳು

ಇಬ್ಬರಿಗೂ 18 ವರ್ಷ ತುಂಬಿರಬೇಕು, ಪರಸ್ಪರ ಮುಖತಃ ಭೇಟಿಯಾಗಿರಬೇಕು, ಮದುವೆ ನಡೆದ ದೇಶದ ಕಾನೂನಿನಂತೆ ಸಿಂಧುವಾಗಿರಬೇಕು, ಹಿಂದಿನ ಮದುವೆಗಳು ಮುಗಿದಿರಬೇಕು. ಸಂಬಂಧ ನೈಜವಾಗಿದ್ದು ಬ್ರಿಟನ್ನಿನಲ್ಲಿ ಕಾಯಂ ಆಗಿ ಒಟ್ಟಿಗೆ ಬಾಳುವ ಉದ್ದೇಶವಿರಬೇಕು. ಹಿರಿಯರು ನಿಶ್ಚಯಿಸಿದ ಮದುವೆಯಾಗಿದ್ದು ಮದುವೆಗೆ ಮುನ್ನ ದೀರ್ಘ ಪರಿಚಯವಿರಲಿಲ್ಲ ಎಂಬುದೊಂದೇ ಅನರ್ಹತೆಯಲ್ಲ. ಮದುವೆಯ ಬಳಿಕದ ಒಡನಾಟದ ದಾಖಲೆಗಳು ಇಲ್ಲಿ ಹೆಚ್ಚು ತೂಕ ಪಡೆಯುತ್ತವೆ. ವಾಸಕ್ಕೆ ಜನಸಂದಣಿಯಿಲ್ಲದ ಮನೆ ಬೇಕು. ಪೋಷಕರ ಮನೆಯಲ್ಲೊಂದು ಪ್ರತ್ಯೇಕ ಕೋಣೆಯಾದರೂ ನಡೆಯುತ್ತದೆ.

ಇಂಗ್ಲಿಷ್ ಮಾತನಾಡುವ ಮತ್ತು ಕೇಳಿ ತಿಳಿಯುವ ಸಾಮರ್ಥ್ಯದಲ್ಲಿ ಯುರೋಪಿಯನ್ ಮಾಪನದ ಎ1 ಮಟ್ಟ ಮೊದಲ ಅರ್ಜಿಗೆ ಸಾಕು. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರು ಪರೀಕ್ಷೆ ಬರೆಯಬೇಕಿಲ್ಲ, ಆದರೆ ಆ ಪದವಿಯು ಬ್ರಿಟಿಷ್ ಪದವಿಗೆ ಸಮಾನವೆಂಬ ಪ್ರಮಾಣಪತ್ರವನ್ನು ಎಕ್ಟಿಸ್ ಎಂಬ ಸಂಸ್ಥೆಯಿಂದ ಪಡೆಯಬೇಕು. 65 ವರ್ಷ ದಾಟಿದವರಿಗೆ ವಿನಾಯಿತಿಯಿದೆ.

ಅರ್ಜಿ ಮತ್ತು ವೆಚ್ಚ

ಅರ್ಜಿಯನ್ನು ವಿದೇಶದಲ್ಲಿರುವ ಸಂಗಾತಿ ಆನ್‌ಲೈನ್ ಮೂಲಕ ಸಲ್ಲಿಸಿ, ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಭಾವಚಿತ್ರ ನೀಡಬೇಕು. ಏಪ್ರಿಲ್ 2025ರ ದರದಂತೆ ಶುಲ್ಕ 1,938 ಪೌಂಡ್ ಆಗಿತ್ತು. ಇದರ ಜೊತೆಗೆ ರಾಷ್ಟ್ರೀಯ ಆರೋಗ್ಯ ಸೇವೆಗಾಗಿ ವರ್ಷಕ್ಕೆ 1,035 ಪೌಂಡ್‌ನಂತೆ ಮೇಲುಶುಲ್ಕವಿದೆ; ಮೊದಲ ವೀಸಾದ ಅವಧಿ 33 ತಿಂಗಳಾದುದರಿಂದ ಮೂರು ವರ್ಷಗಳ ಮೊತ್ತವಾಗಿ 3,105 ಪೌಂಡ್ ಕಟ್ಟಬೇಕು. ಅರ್ಜಿ ತಿರಸ್ಕೃತವಾದರೆ ಮೇಲುಶುಲ್ಕ ಹಿಂದಿರುಗುತ್ತದೆ, ಅರ್ಜಿ ಶುಲ್ಕ ಹಿಂದಿರುಗುವುದಿಲ್ಲ.

ದಾಖಲೆಗಳ ವಿಷಯದಲ್ಲಿ ನಿಯಮಗಳು ಅತಿ ಸೂಕ್ಷ್ಮವಾಗಿವೆ. ಸಂಬಳದಾರರಿಗೆ ಆರು ತಿಂಗಳ ಸಂಬಳದ ಚೀಟಿಗಳು, ಆ ಸಂಬಳ ಜಮೆಯಾಗಿರುವುದನ್ನು ತೋರಿಸುವ ಬ್ಯಾಂಕ್ ವಿವರಣಪಟ್ಟಿಗಳು, ಉದ್ಯೋಗದಾತರ ಪತ್ರ ಇವು ಕಡ್ಡಾಯ. ಹಣಕಾಸಿನ ಇತ್ತೀಚಿನ ದಾಖಲೆ ಅರ್ಜಿಯ ದಿನಕ್ಕೆ 28 ದಿನಗಳಿಗಿಂತ ಹಳೆಯದಾಗಿರಬಾರದು. ಸಂಬಂಧ ಸಾಚಾ ಆಗಿದ್ದೂ ಕಾಗದವೊಂದು ತಪ್ಪಿಹೋದ ಕಾರಣ ಅರ್ಜಿ ಸೋಲುವ ಸಂಭವವಿದೆ.

ಭಾರತದಿಂದ ಅರ್ಜಿ

ಭಾರತದಲ್ಲಿ ಅರ್ಜಿ ಕೇಂದ್ರಗಳನ್ನು ವಿಎಫ್ಎಸ್ ಗ್ಲೋಬಲ್ ಸಂಸ್ಥೆ ನಡೆಸುತ್ತದೆ. ಕರ್ನಾಟಕದ ಅರ್ಜಿದಾರರಿಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ಕೇಂದ್ರದ ಸಿಬ್ಬಂದಿ ದಾಖಲೆಗಳನ್ನು ಸ್ವೀಕರಿಸುತ್ತಾರೆ, ತೀರ್ಮಾನದಲ್ಲಿ ಅವರ ಪಾತ್ರವಿಲ್ಲ. ಭಾರತದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ವಾಸವಿದ್ದವರು ಮಾನ್ಯತೆ ಪಡೆದ ಚಿಕಿತ್ಸಾಲಯದಲ್ಲಿ ಕ್ಷಯರೋಗದ ತಪಾಸಣೆ ಮಾಡಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ಅದು ಆರು ತಿಂಗಳು ಮಾತ್ರ ಸಿಂಧು.

ಮದುವೆಯ ಪುರಾವೆಯಾಗಿ ನೋಂದಣಿ ಪತ್ರವೇ ಪ್ರಧಾನ. ಕರ್ನಾಟಕದಲ್ಲಿ ಹಿಂದೂ ವಿವಾಹ ಕಾಯ್ದೆ 1955 ಅಥವಾ ವಿಶೇಷ ವಿವಾಹ ಕಾಯ್ದೆ 1954ರ ಅಡಿಯಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇದನ್ನು ಪಡೆಯಲಾಗುತ್ತದೆ. ವಿದೇಶೀಯರೊಡನೆ ನಡೆಯುವ ಮದುವೆಗಳಿಗೆ ಸಾಮಾನ್ಯವಾಗಿ ಎರಡನೆಯ ಕಾಯ್ದೆ ಅನ್ವಯಿಸುತ್ತದೆ, ಅದಕ್ಕೆ 30 ದಿನಗಳ ಪೂರ್ವ ಸೂಚನೆ ಬೇಕಾಗುವುದರಿಂದ ಅಲ್ಪಾವಧಿ ರಜೆಯ ಮೇಲೆ ಬರುವ ವಧು ಅಥವಾ ವರ ಈ ಅವಧಿಯನ್ನು ಮೊದಲೇ ಲೆಕ್ಕಹಾಕಬೇಕಾಗುತ್ತದೆ. ಲಗ್ನಪತ್ರಿಕೆ, ಛತ್ರದ ರಸೀದಿ, ಫೋಟೋಗಳು ಪೂರಕ ಸಾಕ್ಷ್ಯವಷ್ಟೇ. ಕನ್ನಡದಲ್ಲಿರುವ ಯಾವುದೇ ದಾಖಲೆಯೊಡನೆ ಅನುವಾದಕರ ಹೆಸರು, ಸಹಿ ಮತ್ತು ದೃಢೀಕರಣವುಳ್ಳ ಇಂಗ್ಲಿಷ್ ಅನುವಾದವನ್ನು ಲಗತ್ತಿಸಬೇಕು.

ಸುರಿಂದರ್ ಸಿಂಗ್ ಮಾರ್ಗ

ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿದ್ದಾಗ ಈ ನಿಯಮಗಳನ್ನು ಬಳಸಿಕೊಳ್ಳದೆ ಮರಳಲು ಕಾನೂನುಬದ್ಧ ಹಾದಿಯೊಂದಿತ್ತು. ಭಾರತೀಯ ಪ್ರಜೆ ಸುರಿಂದರ್ ಸಿಂಗ್ ಮತ್ತು ಅವರ ಬ್ರಿಟಿಷ್ ಪತ್ನಿ ಕೆಲ ವರ್ಷ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಹಿಂದಿರುಗಿದ್ದರು. ಒಕ್ಕೂಟದ ಇನ್ನೊಂದು ದೇಶದಲ್ಲಿ ದುಡಿದು ಸ್ವದೇಶಕ್ಕೆ ಮರಳುವ ನಾಗರಿಕರು ಒಕ್ಕೂಟದ ಕಾನೂನಿನಡಿಯಲ್ಲೇ ಸಂಗಾತಿಯನ್ನು ಕರೆತರಬಹುದೆಂದು 1992ರಲ್ಲಿ ಯುರೋಪಿಯನ್ ನ್ಯಾಯಾಲಯ ಅವರ ಪ್ರಕರಣದಲ್ಲಿ ತೀರ್ಪಿತ್ತಿತು. 2012ರ ಆದಾಯ ಮಿತಿಯ ನಂತರ ಅನೇಕ ದಂಪತಿಗಳು ಐರ್ಲೆಂಡ್ ಮುಂತಾದ ದೇಶಗಳಲ್ಲಿ ಕೆಲಕಾಲ ದುಡಿದು ಈ ಹಾದಿಯಿಂದ ಮರಳಿದರು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಇದು ಮುಚ್ಚಿಹೋಯಿತು.

ನಿರಾಕರಣೆ ಮತ್ತು ಮೇಲ್ಮನವಿ

ವೀಸಾ ನಿರಾಕರಣೆಯನ್ನು ಕೌಟುಂಬಿಕ ಜೀವನದ ಹಕ್ಕಿನ ಆಧಾರದ ಮೇಲೆ ಪ್ರಥಮ ಹಂತದ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು. ವಿದೇಶದಿಂದ ಮೇಲ್ಮನವಿ ಸಲ್ಲಿಸಲು 28 ದಿನಗಳ ಗಡುವಿದೆ. ನಿಯಮಗಳಂತೆ ಅರ್ಹತೆಯಿಲ್ಲದಿದ್ದರೂ, ನಿರಾಕರಣೆಯಿಂದ ಕುಟುಂಬಕ್ಕೆ ಸಮರ್ಥಿಸಲಾಗದಷ್ಟು ಕಠೋರ ಪರಿಣಾಮವಾಗುವುದಾದರೆ ಅನುಮತಿ ನೀಡಬೇಕಾಗುತ್ತದೆ. ಹೀಗೆ ಅನುಮತಿ ಪಡೆದವರ ಕಾಯಂ ವಾಸದ ಅವಧಿ ಐದರ ಬದಲು ಹತ್ತು ವರ್ಷ. ಮೇಲ್ಮನವಿಗಳು ದೀರ್ಘಕಾಲ ಹಿಡಿಯುವುದರಿಂದ, ಕಾಗದಪತ್ರದ ಕೊರತೆಯಿಂದ ಸೋತವರು ಹೊಸ ಅರ್ಜಿಯನ್ನೇ ಸಲ್ಲಿಸುವುದುಂಟು. ಪ್ರವಾಸಿ ವೀಸಾದ ಮೇಲೆ ಬಂದು, ಅಲ್ಲಿಯೇ ಸಂಗಾತಿ ವೀಸಾಕ್ಕೆ ಬದಲಾಯಿಸಿಕೊಳ್ಳಲು ನಿಯಮಗಳಲ್ಲಿ ಅವಕಾಶವಿಲ್ಲ.

ಪ್ರವೇಶದ ನಂತರ

ಸಂಗಾತಿ ವೀಸಾದವರು ಕೆಲಸ ಮಾಡಬಹುದು, ಓದಬಹುದು, ಆದರೆ ಹೆಚ್ಚಿನ ಸರ್ಕಾರಿ ಭತ್ಯೆಗಳನ್ನು ಪಡೆಯುವಂತಿಲ್ಲ. 33 ತಿಂಗಳು ಮುಗಿಯುವ ಮುನ್ನ ಇನ್ನೂ 30 ತಿಂಗಳ ವಿಸ್ತರಣೆ ಪಡೆಯಬೇಕು. ಆಗ ಇಂಗ್ಲಿಷಿನಲ್ಲಿ ಎ2 ಮಟ್ಟ ಬೇಕು, ಆದಾಯವನ್ನೂ ಮತ್ತೆ ತೋರಿಸಬೇಕು. ಐದು ವರ್ಷ ತುಂಬಿದ ಮೇಲೆ ಬಿ1 ಮಟ್ಟದ ಇಂಗ್ಲಿಷ್ ಹಾಗೂ 'ಲೈಫ್ ಇನ್ ದ ಯುಕೆ' ಪರೀಕ್ಷೆಯೊಂದಿಗೆ ಕಾಯಂ ವಾಸದ ಅನುಮತಿ ದೊರೆಯುತ್ತದೆ.

ಈ ಐದು ವರ್ಷ ವಿದೇಶೀ ಸಂಗಾತಿಯ ವಾಸ್ತವ್ಯ ಮದುವೆಯನ್ನೇ ಅವಲಂಬಿಸಿರುತ್ತದೆ. ಮದುವೆ ಮುರಿದರೆ ವೀಸಾದ ಆಧಾರವೂ ಹೋಗುತ್ತದೆ. ದೌರ್ಜನ್ಯ ಸಹಿಸಿಕೊಂಡು ಉಳಿಯಬೇಕಾದ ಇಕ್ಕಟ್ಟು ಇದರಿಂದ ಉಂಟಾಗುತ್ತದೆಂಬ ಮಹಿಳಾ ಸಂಘಟನೆಗಳ ಒತ್ತಾಯದ ಫಲವಾಗಿ, ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರು ಅವಧಿ ತುಂಬುವ ಮುನ್ನವೇ ಕಾಯಂ ಅನುಮತಿಗೆ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ಸಂಗಾತಿ ಮೃತಪಟ್ಟರೆ ಉಳಿದವರಿಗೂ ಇಂತಹುದೇ ಅವಕಾಶವಿದೆ. ಪತ್ನಿಯನ್ನು ತವರಿಗೆಂದು ಕರೆದೊಯ್ದು ಅಲ್ಲಿಯೇ ಬಿಟ್ಟು ಬರುವ ಪ್ರಕರಣಗಳನ್ನು ಗಮನಿಸಿ, ಹಾಗೆ ತೊರೆಯಲ್ಪಟ್ಟವರು ವಿದೇಶದಿಂದಲೇ ಅರ್ಜಿ ಹಾಕುವ ವ್ಯವಸ್ಥೆಯನ್ನು 2024ರಲ್ಲಿ ಸೇರಿಸಲಾಯಿತು.

ಬ್ರಿಟಿಷ್ ನಾಗರಿಕರ ಸಂಗಾತಿಗಳು ಕಾಯಂ ಅನುಮತಿ ದೊರೆತ ಕೂಡಲೇ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ಭಾರತವು ದ್ವಿಪೌರತ್ವವನ್ನು ಮಾನ್ಯ ಮಾಡುವುದಿಲ್ಲವಾದ್ದರಿಂದ, ಬ್ರಿಟಿಷ್ ಪೌರತ್ವ ಪಡೆದ ಭಾರತೀಯರು ತಮ್ಮ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ. ಬಳಿಕ ತವರಿಗೆ ವೀಸಾ ಇಲ್ಲದೆ ಬಂದುಹೋಗಲು ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡನ್ನು ಪಡೆಯುತ್ತಾರೆ.